ಶಿರಾ ದಾಟಿದ ಮೇಲೆ ಸೈರನ್ ನಿಲ್ಲಿಸಿದೆವು

ಕಳೆದ ಫೆಬ್ರುವರಿಯ ಮೊದಲ ಭಾನುವಾರ ಬೆಳಿಗ್ಗೆ ಜಯನಗರದ ಖಾಸಗಿ ಆಸ್ಪತ್ರೆಯೊಂದರಿಂದ ಹುಬ್ಬಳ್ಳಿಗೆ ಹೊರಟ ಆಂಬುಲೆನ್ಸ್‌ನ ಸೈರನ್, ಶಿರಾ ದಾಟಿ ಸ್ವಲ್ಪ ದೂರದಲ್ಲಿ ನಿಂತಿತು. ಒಳಗಿದ್ದ ರೋಗಿ ಜೀವಂತವಾಗಿದ್ದರು. ಸೈರನ್ ನಿಲ್ಲಿಸಲು ಹೇಳಿದವಳು ನಾನು, ಆ ಆಸ್ಪತ್ರೆಯ ತೀವ್ರ ನಿಗಾ ಘಟಕದ ನರ್ಸ್.

ರೋಗಿಗೆ ಮೂವತ್ತು ದಾಟಿತ್ತು. ಹುಬ್ಬಳ್ಳಿ ಹತ್ತಿರದ ಹಳ್ಳಿಯವರು. ಬಿಟಿಎಂ ಲೇಔಟ್‌ನಲ್ಲಿ ಬಾಡಿಗೆ ಮನೆ ಮಾಡಿಕೊಂಡು ಎ.ಸಿ. ರಿಪೇರಿ ಮಾಡುತ್ತಿದ್ದರು. ಹೆಂಡತಿ ಅದೇ ಮನೆಯಲ್ಲಿ ಜೋಳದ ರೊಟ್ಟಿ ತಟ್ಟಿ ಸುತ್ತಲಿನ ಪಿ.ಜಿ.ಗಳಿಗೆ ಕೊಡುತ್ತಿದ್ದರು. ಒಂದು ದಿನ ಏಣಿ ಹತ್ತುವಾಗ ಕಾಲು ಸೋತಿತು. ಆಮೇಲೆ ಕೈ, ಆಮೇಲೆ ಉಸಿರು. ನರಗಳಿಗೆ ಬರುವ ಈ ಕಾಯಿಲೆ ಕಾಲಿನಿಂದ ಮೇಲೇರುತ್ತದೆ, ಬಹಳಷ್ಟು ಜನರಲ್ಲಿ ಬಂದ ದಾರಿಯಲ್ಲೇ ನಿಧಾನವಾಗಿ ಇಳಿಯುತ್ತದೆ. ಇಳಿಯುವವರೆಗೆ ಯಂತ್ರ ಉಸಿರಾಡಿಸಬೇಕು. ಅದಕ್ಕಾಗಿ ಗಂಟಲಲ್ಲಿ ರಂಧ್ರ ಮಾಡಿ ನಳಿಕೆ ಹಾಕಿರುತ್ತಾರೆ. ನಳಿಕೆ ಇದ್ದವರಿಗೆ ಮಾತು ಬರುವುದಿಲ್ಲ. ಪ್ರಜ್ಞೆ ಮಾತ್ರ ಪೂರ್ತಿ ಇರುತ್ತದೆ, ಕಿವಿಯೂ ಕೇಳುತ್ತಿರುತ್ತದೆ.

ಚೇತರಿಕೆಗೆ ತಿಂಗಳುಗಳು ಬೇಕಿದ್ದವು. ಹುಬ್ಬಳ್ಳಿಯ ಆಸ್ಪತ್ರೆಯಾದರೆ ಊರಿನವರು ಸರದಿಯ ಮೇಲೆ ನೋಡಿಕೊಳ್ಳಬಹುದು ಎಂದು ಮನೆಯವರು ಸ್ಥಳಾಂತರ ಕೇಳಿದರು. ವೈದ್ಯರು ಒಪ್ಪಿದರು. ಜೊತೆಗೆ ಹೋಗುವ ಕೆಲಸ ನನಗೆ ಬಂತು.

ಹಿಂದಿನ ದಿನ ಗಾಡಿಯನ್ನು ಪರೀಕ್ಷಿಸಿದೆ. ಚಾಲಕನ ಕೋಣೆಗೂ ರೋಗಿಯ ಕೋಣೆಗೂ ನಡುವೆ ತಗಡಿನ ಗೋಡೆ, ಅದರಲ್ಲೊಂದು ಜಾರುವ ಗಾಜಿನ ಕಿಂಡಿ. ಕಿಂಡಿ ತುಕ್ಕು ಹಿಡಿದು ಅಂಗೈಯಗಲ ಮಾತ್ರ ತೆರೆಯುತ್ತಿತ್ತು. ಇಂಜಿನ್ನಿನ ಸದ್ದು, ಸ್ಟ್ರೆಚರ್‌ನ ಕೊಂಡಿ, ಆಮ್ಲಜನಕದ ಸಿಲಿಂಡರ್ ತಾಗುವುದು, ಮೇಲಿನ ಫ್ಯಾನು, ಎಲ್ಲ ಸೇರಿ ಒಳಗೆ ಮಾತಾಡಬೇಕೆಂದರೆ ಕಿವಿಗೆ ಬಾಯಿ ಹಚ್ಚಬೇಕಿತ್ತು. ಚಾಲಕ ಗೊಟ್ಟಿಗೆರೆಯವರು, ನನಗಿಂತ ಹಿರಿಯರು. ಜಯನಗರದಿಂದ ಬನಶಂಕರಿ ಬಸ್ ನಿಲ್ದಾಣದವರೆಗೆ ಒಂದು ಸುತ್ತು ಹೋಗಿ ಬರೋಣ ಎಂದು ಅವರನ್ನು ಹೊರಡಿಸಿದೆ. ತಗಡಿನ ಮೇಲೆ ಒಂದು ಸಲ ಬಡಿದರೆ ನಿಧಾನ, ಬಿಡದೆ ಬಡಿದರೆ ಪಕ್ಕಕ್ಕೆ ಹಾಕಿ ನಿಲ್ಲಿಸುವುದು ಎಂದು ಮಾತಾಯಿತು. ಬಡಿತ ಅವರಿಗೆ ಕೇಳಿಸಿತು. ಉಸಿರಾಟದ ಯಂತ್ರದ ಎಚ್ಚರಿಕೆ ಸದ್ದು ನನಗೆ ಕಷ್ಟದಲ್ಲಿ ಕೇಳಿಸಿತು.

"ಅಣ್ಣ, ಸೈರನ್ ಹಾಕಿ ಒಂದ್ಸಲ ನೋಡೋಣ" ಎಂದೆ.

"ಬೇಡ ಮೇಡಂ. ಪೇಷೆಂಟ್ ಇಲ್ದೆ ಸೈರನ್ ಹಾಕಿದ್ರೆ, ಸಿಗ್ನಲ್‌ನಲ್ಲಿ ನಿಂತಿರೋರು ನನ್ನೇ ಪೇಷೆಂಟ್ ಮಾಡಿ ಕಳಿಸ್ತಾರೆ."

ಅವರು ಹೇಳಿದ್ದು ಸರಿಯಾಗಿತ್ತು. ಹಾಗಾಗಿ ಸೈರನ್‌ನೊಂದಿಗಿನ ಪರೀಕ್ಷೆ ಆಗಲಿಲ್ಲ.

ರೋಗಿಯೊಂದಿಗೆ ಮಾತಾಡುವ ಬಗೆ ಇನ್ನೊಂದು ಪ್ರಶ್ನೆ. ವಾರ್ಡಿನಲ್ಲಿ ಕಣ್ಣು ಒಮ್ಮೆ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಇಲ್ಲ ಎಂದಿತ್ತು. ಓಡುವ ಗಾಡಿಯಲ್ಲಿ ಪ್ರತಿ ಹಳ್ಳಕ್ಕೂ ಎಲ್ಲರ ಕಣ್ಣೂ ಮುಚ್ಚಿಕೊಳ್ಳುತ್ತದೆ, ಅದನ್ನು ಉತ್ತರವೆಂದು ಓದಲಾಗುವುದಿಲ್ಲ. ಇದಕ್ಕೆ ದಾರಿ ತೋರಿಸಿದವರು ಅವರ ಹೆಂಡತಿ. ಕೆಲವು ದಿನಗಳಿಂದ ಗಂಡನ ಬಲಗೈ ಹೆಬ್ಬೆರಳು ಸ್ವಲ್ಪ ಆಡುತ್ತಿತ್ತು. ಅವರು ತಮ್ಮ ಅಂಗೈಯನ್ನು ಅದರ ಕೆಳಗಿಟ್ಟು, ಗಂಡನ ಮುಖದ ಮುಂದೆ ತುಟಿ ನಿಧಾನವಾಗಿ ಆಡಿಸಿ ಕೇಳುತ್ತಿದ್ದರು. ಒಂದು ಒತ್ತು ಹೌದು, ಎರಡು ಒತ್ತು ಇಲ್ಲ. ಬಿಡದೆ ಒತ್ತಿದರೆ ಏನೋ ತೊಂದರೆ.

"ಇದಕ್ಕ ಕಿವಿ ಬೇಕಾಗಂಗಿಲ್ರಿ ಸಿಸ್ಟರ್. ನಮ್ಮ ಮದುವಿ ಮನ್ಯಾಗ ಸ್ಪೀಕರ್ ಮುಂದ ಕುಂತು ಹಿಂಗ ಮಾತಾಡೀವಿ" ಎಂದರು.

ಬೆಳಗಿನ ಜಾವ ಹೊರಟೆವು. ಒಳಗೆ ರೋಗಿ, ಹೆಂಡತಿ, ನಾನು. ರೋಗಿಯ ಅಣ್ಣ ಇಬ್ಬರು ಸಂಬಂಧಿಕರೊಂದಿಗೆ ಹಿಂದೆ ಕಾರಿನಲ್ಲಿ. ಹೊರಡುವ ಮುನ್ನ ಆ ಅಣ್ಣ ಚಾಲಕನ ಕಿಟಕಿ ಹತ್ತಿರ ಬಂದು ನಿಂತರು.

"ಸೈರನ್ ಹುಬ್ಬಳ್ಳಿ ಮುಟ್ಟೋತನಕ ಬಂದ್ ಆಗಬಾರದ್ರಿ."

"ಆಯ್ತು ಸಾರ್. ಆಮೇಲೆ ನನ್ನ ಕಿವಿಗೆ ಅಲ್ಲೇ ಒಂದು ಬೆಡ್ ಹೇಳ್ಬಿಡಿ" ಎಂದರು ಚಾಲಕ.

ಅಣ್ಣ ನಗಲಿಲ್ಲ. ದಾರಿ ಬೇಗ ಸಿಗಲೆಂಬ ಕಾಳಜಿ ಎಂದುಕೊಂಡು ನಾನು ಮುಂದೆ ಕೇಳಲಿಲ್ಲ.

ತುಮಕೂರಿನವರೆಗೆ ಎಲ್ಲ ಸರಿಯಿತ್ತು. ಸೈರನ್ ಇದ್ದಾಗ ಯಂತ್ರದ ಎಚ್ಚರಿಕೆ ಸದ್ದು ಒಳಗೆ ಸ್ವಲ್ಪವೂ ಕೇಳುವುದಿಲ್ಲ ಎಂಬುದು ಊರು ಬಿಡುವ ಮೊದಲೇ ಗೊತ್ತಾಗಿತ್ತು. ಹಾಗಾಗಿ ಅದರ ಕೆಂಪು ದೀಪ ನನ್ನ ಕಣ್ಣಿಗೆ ನೇರ ಇರುವಂತೆ ಕೂತಿದ್ದೆ. ಒಂದು ಕೈ ರೋಗಿಯ ಎದೆಯ ಮೇಲಿಟ್ಟು ಏರಿಳಿತ ನೋಡುತ್ತಿದ್ದೆ. ಸ್ಟೆತಸ್ಕೋಪ್ ಹಾಕಿದರೆ ಅದರಲ್ಲೂ ಇಂಜಿನ್ನೇ ಕೇಳುತ್ತಿತ್ತು. ಟೋಲ್‌ನಲ್ಲಿ ನಮಗೆ ದಾರಿ ಬಿಟ್ಟರು, ಕಾರು ಸಾಲಿನಲ್ಲಿ ಹಿಂದುಳಿಯಿತು.

ಶಿರಾ ದಾಟಿದ ಮೇಲೆ ಹೆಂಡತಿ ನನ್ನ ತೋಳು ಜಗ್ಗಿದರು. ಕಿವಿಗೆ ಬಾಯಿ ಹಚ್ಚಿ ಕೂಗಿದರು. "ಒತ್ತಾಕತ್ತಾರ್ರಿ. ಬಿಡವಲ್ರು."

ಪರದೆಯ ಮೇಲೆ ಆಮ್ಲಜನಕ ಇನ್ನೂ ಸರಿಯಿತ್ತು. ಕಫ ಇರಬಹುದೆಂದು ನಳಿಕೆಯೊಳಗೆ ಸಣ್ಣ ಕೊಳವೆ ಇಳಿಸಿ ಎಳೆದೆ. ಏನೂ ಬರಲಿಲ್ಲ. ಹೆಬ್ಬೆರಳು ಒತ್ತುತ್ತಲೇ ಇತ್ತು. ಅಷ್ಟರಲ್ಲಿ ಕೆಂಪು ದೀಪ ಮಿನುಗಿತು. ಯಂತ್ರ ಕಳಿಸಿದಷ್ಟು ಗಾಳಿ ವಾಪಸು ಬರುತ್ತಿಲ್ಲ ಎಂದು ಅದರ ಅರ್ಥ. ಎಲ್ಲೋ ಸೋರಿಕೆ. ಯಂತ್ರದಿಂದ ಗಂಟಲಿನವರೆಗೆ ಪ್ರತಿ ಜೋಡಣೆಯ ಮೇಲೂ ಬೆರಳಾಡಿಸಿದೆ. ಫ್ಯಾನಿನ ಗಾಳಿಯೂ ಸೋರುವ ಗಾಳಿಯೂ ಬೆರಳಿಗೆ ಒಂದೇ. ಆಮ್ಲಜನಕ ತೊಂಬತ್ತೇಳರಿಂದ ತೊಂಬತ್ತೊಂದಕ್ಕೆ ಇಳಿಯಿತು. ಯಂತ್ರ ಬಿಡಿಸಿ, ಕೈಯಿಂದ ಹಿಚುಕುವ ರಬ್ಬರ್ ಚೀಲದಿಂದ ಉಸಿರು ಕೊಡತೊಡಗಿದೆ. ಚೀಲ ಹಿಚುಕಿದರೆ ತಡೆಯೇ ಇರಲಿಲ್ಲ. ಗಾಳಿ ಎದೆಗೆ ಹೋಗದೆ ಬೇರೆಲ್ಲೋ ಹೋಗುತ್ತಿತ್ತು. ಎಂಬತ್ತೇಳು.

ತಗಡನ್ನು ಬಿಡದೆ ಬಡಿದೆ. ಗಾಡಿ ಪಕ್ಕಕ್ಕೆ ಬಂದು ನಿಂತಿತು. ಸೈರನ್ ಮಾತ್ರ ಕೂಗುತ್ತಲೇ ಇತ್ತು.

ಕಿಂಡಿಗೆ ಬಾಯಿಟ್ಟು ಹೇಳಿದೆ. "ಸೈರನ್ ಆಫ್ ಮಾಡಿ. ಇಂಜಿನ್ನೂ ಆಫ್ ಮಾಡಿ. ನನಗೆ ಕೇಳಿಸ್ಬೇಕು."

ಹೆಂಡತಿ ನನ್ನ ಕೈ ಹಿಡಿದರು. "ಸೈರನ್ ಬಂದ್ ಮಾಡಬ್ಯಾಡ್ರಿ ಸಿಸ್ಟರ್. ಹಿಂದ ಭಾವಾರು ಅದಾರ."

ಯಾಕೆ ಎಂದು ಕೇಳುವ ಹೊತ್ತು ಅದಾಗಿರಲಿಲ್ಲ. "ಆಫ್ ಮಾಡಿ ಅಣ್ಣ" ಎಂದು ಮತ್ತೊಮ್ಮೆ ಹೇಳಿದೆ. ಎಲ್ಲ ನಿಂತಿತು.

ಆಗ ಕೇಳಿಸಿದ್ದು ರೋಗಿಯ ದನಿ. ನಾನು ಚೀಲ ಹಿಚುಕಿದಾಗಲೆಲ್ಲ ಅವರ ಬಾಯಿಂದ ಸಣ್ಣಗೆ, ಗೊಗ್ಗರಾಗಿ ಒಂದು ನರಳಿಕೆ ಬರುತ್ತಿತ್ತು. ನಳಿಕೆ ಹಾಕಿದ ದಿನದಿಂದ ಆ ದನಿ ಯಾರೂ ಕೇಳಿರಲಿಲ್ಲ.

"ಅವರ ದನೀರಿ ಅದು" ಎಂದರು ಹೆಂಡತಿ. "ಸಿಸ್ಟರ್, ಅವರು ಮಾತಾಡಾಕತ್ತಾರ."

ಮಾತಾಗಿರಲಿಲ್ಲ. ನಳಿಕೆಯ ಸುತ್ತ ಗಂಟಲೊಳಗೆ ಒಂದು ಪುಟ್ಟ ಬಲೂನು ಇರುತ್ತದೆ. ಅದು ಉಬ್ಬಿದ್ದರೆ ಗಾಳಿ ಎದೆಗೇ ಹೋಗುತ್ತದೆ. ಅದು ಕುಗ್ಗಿದರೆ ಗಾಳಿ ಮೇಲೆ ನುಗ್ಗಿ ಧ್ವನಿಪೆಟ್ಟಿಗೆಯ ಮೂಲಕ ಬಾಯಿಂದ ಹೊರಬೀಳುತ್ತದೆ. ಬಲೂನಿಗೆ ಗಾಳಿ ತುಂಬುವ ತೆಳು ಕೊಳವೆ ಹೊರಗೆ ತೂಗುತ್ತಿರುತ್ತದೆ, ಅದರ ತುದಿಯಲ್ಲಿ ಒಂದು ಪುಟ್ಟ ಗುಳ್ಳೆ, ಒಂದು ಕವಾಟ. ಮುಟ್ಟಿ ನೋಡಿದೆ, ತುದಿಯ ಗುಳ್ಳೆ ಚಪ್ಪಟೆಯಾಗಿತ್ತು. ಸಿರಿಂಜ್‌ನಿಂದ ಗಾಳಿ ತುಂಬಿದೆ. ದನಿ ನಿಂತಿತು, ಎದೆ ಏರಿತು. ಸಿರಿಂಜ್ ತೆಗೆದ ಕೂಡಲೇ ಕವಾಟದಿಂದ ಇರುವೆ ಹರಿದಷ್ಟು ಸಣ್ಣ ಸದ್ದು, ಗುಳ್ಳೆ ಮತ್ತೆ ಚಪ್ಪಟೆ. ಸ್ಟ್ರೆಚರ್‌ನ ಬೆಲ್ಟಿನ ಬಕಲ್ ಕವಾಟದ ಮೇಲೇ ಕೂತು ಅದನ್ನು ಸೀಳಿತ್ತು.

ಮತ್ತೆ ತುಂಬಿದೆ. ಸಿರಿಂಜ್ ತೆಗೆಯುವ ಮೊದಲೇ ತೆಳು ಕೊಳವೆಗೆ ಗಾಜ್ ಬಟ್ಟೆ ಸುತ್ತಿ ಇಕ್ಕಳದಿಂದ ಕಚ್ಚಿಸಿದೆ. ಚೀಲ ಹಿಚುಕಿದರೂ ಗಂಟಲಿಂದ ಸದ್ದು ಬರಲಿಲ್ಲ. ಕಿವಿ ಅವರ ಕುತ್ತಿಗೆಗೆ ಹಚ್ಚಿ ಕಾದೆ. ತೊಂಬತ್ತು, ತೊಂಬತ್ತನಾಲ್ಕು. ಯಂತ್ರಕ್ಕೆ ಜೋಡಿಸಿದೆ. ಹೆಬ್ಬೆರಳು ಸುಮ್ಮನಾಯಿತು.

ಜಯನಗರಕ್ಕೆ ಫೋನ್ ಮಾಡಿದೆ. ಘಟಕದ ವೈದ್ಯರು ಎಲ್ಲ ಕೇಳಿಕೊಂಡು ಹೇಳಿದರು. "ಇಕ್ಕಳ ಹಿಡ್ದಿದ್ರೆ ಮುಂದೆ ಹೋಗಿ. ಮತ್ತೆ ಸೋರಿದ್ರೆ ಹತ್ತಿರದ ದೊಡ್ಡ ಆಸ್ಪತ್ರೆಯಲ್ಲಿ ನಿಲ್ಲಿಸಿ ನಳಿಕೆ ಬದಲಾಯಿಸಿ. ಆದ್ರೆ ಸೋರೋದು ನಿಮಗೆ ಮೊದಲೇ ಗೊತ್ತಾಗ್ಬೇಕು."

ಮೊದಲೇ ಗೊತ್ತಾಗುವುದು ಆ ದನಿಯಿಂದ. ದೀಪ ತಡವಾಗಿ ಹೇಳುತ್ತದೆ, ಆಮ್ಲಜನಕದ ಅಂಕಿ ಅದಕ್ಕಿಂತ ತಡ. ಹುಬ್ಬಳ್ಳಿಯವರೆಗೂ ಸೈರನ್ ಇಲ್ಲದೆ, ನಿಧಾನವಾಗಿ ಹೋಗುವುದೆಂದು ತೀರ್ಮಾನಿಸಿದೆ.

"ಲಾರಿಯವ್ರು ಸೈಡ್ ಕೊಡಲ್ಲ ಮೇಡಂ" ಎಂದರು ಚಾಲಕ. "ಮೇಲಿನ ಲೈಟೂ ಹೋಗತ್ತೆ. ಎರಡಕ್ಕೂ ಒಂದೇ ಸ್ವಿಚ್ಚು."

"ಸೈಡ್ ಬೇಡ ಅಣ್ಣ. ಎಡಗಡೆಯಲ್ಲೇ ಹೋಗೋಣ. ಹಳ್ಳ ಬಂದ್ರೆ ಮೊದಲೇ ಹೇಳಿ, ಸಾಕು."

ಹೆಂಡತಿಗೆ ಬಲೂನಿನ ವಿಷಯ ವಿವರಿಸಿದೆ. ಅವರು ಕೇಳಿಸಿಕೊಂಡು ಭಾವನಿಗೆ, ಅಂದರೆ ರೋಗಿಯ ಅಣ್ಣನಿಗೆ, ಫೋನ್ ಮಾಡಿದರು. ಸಿಗಲಿಲ್ಲ. ಕಾರು ಎಲ್ಲೋ ಚಹಾಕ್ಕೆ ನಿಂತಿರಬೇಕು, ಆಮೇಲೆ ಮಾಡುತ್ತೇನೆ ಎಂದರು. ಆಮೇಲೆ ಗಂಡನ ಕೈ ಬಿಡಲಾಗಲಿಲ್ಲ.

ಚಿತ್ರದುರ್ಗ, ದಾವಣಗೆರೆ ದಾಟಿದೆವು. ಒಳಗೆ ಇಂಜಿನ್ನಿನ ಸದ್ದು, ಅದರ ಕೆಳಗೆ ಯಂತ್ರದ ಉಸಿರು, ಅದರ ಕೆಳಗೆ ನಾನು ಕೇಳಬೇಕಿದ್ದ ದನಿ. ಮಧ್ಯೆ ಒಮ್ಮೆ ಬಂದಂತಾಯಿತು. ಗಾಡಿ ನಿಲ್ಲಿಸಿ ಇಕ್ಕಳವನ್ನು ಇನ್ನೊಂದು ಹಲ್ಲು ಬಿಗಿ ಮಾಡಿದೆ.

ಹರಿಹರದ ಆಚೆ ಹೆಂಡತಿಗೆ ಫೋನ್ ಬಂತು. ಬಿದ್ದು ಕೆಟ್ಟಿದ್ದ ಆ ಫೋನಿನಲ್ಲಿ ಸ್ಪೀಕರ್ ಹಾಕಿದರೆ ಮಾತ್ರ ಕೇಳುತ್ತಿತ್ತು. ಅವರು ಎಂದಿನಂತೆ ಸ್ಪೀಕರ್ ಒತ್ತಿದರು. ಊರಿಂದ ಗಂಡನ ದೊಡ್ಡಮ್ಮ.

"ಯವ್ವಾ, ನಿನ್ನ ಬಾಳೇನಾತ ನನ್ನವ್ವಾ. ಏಣಿ ಹತ್ತಾವ ಸ್ವರ್ಗಾ ಹತ್ತಿದನಲ್ಲೇ…"

ಸೈರನ್ ಇಲ್ಲದ ಕೋಣೆಯಲ್ಲಿ ಪ್ರತಿ ಅಕ್ಷರವೂ ಕೇಳಿಸಿತು. ರೋಗಿಯ ಕಣ್ಣುಗಳು ಫೋನಿನ ಕಡೆ ತಿರುಗಿದವು. ಪರದೆಯಲ್ಲಿ ಎದೆಬಡಿತ ಏರತೊಡಗಿತು.

"ದೊಡ್ಡವ್ವಾ, ಯಾರು ಹೇಳಿದ್ರು ನಿಮಗ? ಅವರು ನನ್ನ ಕೈ ಹಿಡಕೊಂಡಾರ" ಎಂದರು ಹೆಂಡತಿ.

ಆ ಕಡೆ ಅಳು ಗಕ್ಕನೆ ನಿಂತಿತು. ಯಾರೋ ಫೋನ್ ಕಸಿದುಕೊಂಡ ಸದ್ದು. ದೂರದಿಂದ ಒಂದು ಗಂಡಸಿನ ದನಿ, "ಆಕಿಗಿನ್ನೂ ಹೇಳಿಲ್ಲ, ನೀ ಯಾಕ ಹಚ್ಚಿದಿ ಫೋನು?" ಕರೆ ಕಡಿಯಿತು.

ಹೆಂಡತಿ ನನ್ನತ್ತ ನೋಡಿದರು. "ಸೈರನ್ ಬಂದ್ ಆತಲ್ರಿ. ನಮ್ಮ ಕಡೆ ಆಂಬುಲೆನ್ಸ್ ಸುಮ್ಮನ ಬಂತಂದ್ರ ಒಳಗ ಹೆಣಾ ಐತಿ ಅಂತ. ಭಾವಾರು ಹಿಂದಿಂದ ನೋಡ್ಯಾರ."

ಮತ್ತೆ ಊರಿಗೆ ಫೋನ್ ಮಾಡಿದರು. ಎತ್ತಿದವರು "ಧೈರ್ಯ ತಗೋ ತಂಗಿ, ನಿಧಾನಕ್ಕ ಬಾ" ಎಂದಷ್ಟೇ ಹೇಳಿ ಇಟ್ಟರು. ನಾನು ಮಾಡಿದೆ. ರೋಗಿ ಚೆನ್ನಾಗಿದ್ದಾರೆ ಎಂದೆ. "ಹೂನ್ರಿ ಸಿಸ್ಟರ್, ಹಂಗ ಹೇಳ್ಕೋತ ಕರ್ಕೊಂಬರ್ರಿ. ದಾರ್ಯಾಗ ಆಕಿಗೆ ಗೊತ್ತಾಗೂದು ಬ್ಯಾಡ" ಎಂಬ ಉತ್ತರ ಬಂತು.

ಅವರಲ್ಲಿ ದಾರಿಯಲ್ಲಿ ಗಂಡ ತೀರಿಕೊಂಡರೆ ಹೆಂಡತಿಗೆ ಮನೆ ಮುಟ್ಟುವವರೆಗೆ ಹೇಳುವುದಿಲ್ಲ. ಜೊತೆಗಿರುವವರೆಲ್ಲ ಸೇರಿ ಮುಚ್ಚಿಡುತ್ತಾರೆ. ಹಾಗಾಗಿ ಹೆಂಡತಿಯ ಮಾತನ್ನು ನಂಬುವವರಿರಲಿಲ್ಲ, ಅವರ ಲೆಕ್ಕದಲ್ಲಿ ಆಕೆಗೆ ಗೊತ್ತಿಲ್ಲ. ನನ್ನ ಮಾತನ್ನೂ ನಂಬುವವರಿರಲಿಲ್ಲ, ನಾನು ಮುಚ್ಚಿಡುತ್ತಿದ್ದೇನೆ. ಭಾವನ ಫೋನ್ ಸತತವಾಗಿ ಬ್ಯುಸಿ ಬರುತ್ತಿತ್ತು.

ಎದೆಬಡಿತ ನೂರ ನಲವತ್ತು ಮುಟ್ಟಿತು. ಹೆಬ್ಬೆರಳು ಬಿಡದೆ ಒತ್ತುತ್ತಿತ್ತು. ಈ ಸಲ ಕಾರಣ ಗಾಳಿಯಲ್ಲ.

ಹಿಂದಿನ ಬಾಗಿಲಿನ ಗಾಜಿಗೆ ಮಬ್ಬು ಹಾಳೆ ಅಂಟಿಸಿತ್ತು. ಅದರ ಅಂಚಿನಿಂದ ನೋಡಿದೆ. ಕಾರು ದೂರದಲ್ಲಿ, ಹತ್ತಿರವೂ ಬಾರದೆ, ಮುಂದೆಯೂ ಹೋಗದೆ, ನಮ್ಮ ವೇಗಕ್ಕೇ ಬರುತ್ತಿತ್ತು. ಗಾಡಿ ನಿಲ್ಲಿಸಿದರೆ ಅವರೂ ದೂರದಲ್ಲೇ ನಿಲ್ಲುತ್ತಾರೆ, ಹೆಂಡತಿಯ ಎದುರು ಬರುವುದಿಲ್ಲ ಎಂದು ಆಕೆಯೇ ಹೇಳಿದರು.

ಸೈರನ್ ಹಾಕಿದರೆ ಅವರಿಗೆ ಗೊತ್ತಾಗುತ್ತದೆ. ಹಾಕಿದರೆ ನನಗೆ ಸೋರಿಕೆ ಕೇಳುವುದಿಲ್ಲ. ಎದೆಬಡಿತ ಹೀಗೇ ಏರಿದರೆ ಸೋರಿಕೆ ಇಲ್ಲದೆಯೂ ಅಪಾಯ. ಈ ಕಾಯಿಲೆಯಲ್ಲಿ ಬಡಿತ ಏರಿ ಹಠಾತ್ತನೆ ಕುಸಿಯುವುದುಂಟು.

ಹೆಂಡತಿಗೆ ಹೇಳಿದೆ. "ಅಕ್ಕ, ಅವರನ್ನೇ ಕೇಳಿ. ಸ್ವಲ್ಪ ಹೊತ್ತು ಸೈರನ್ ಹಾಕ್ತೀವಿ, ಅವರ ಅಣ್ಣನ್ನ ಕರೆಯೋಕೆ. ಆಗ ನನಗೆ ಕೇಳ್ಸಲ್ಲ. ಉಸಿರು ಕಷ್ಟ ಆದ್ರೆ ಅವರೇ ಒತ್ತಿ ಹೇಳ್ಬೇಕು. ಆಗತ್ತಾ?"

ಆಕೆ ಮುಖದ ಮುಂದೆ ಬಗ್ಗಿ ತುಟಿ ಆಡಿಸಿದರು. ಒಂದು ಒತ್ತು.

ಒಂದು ಕೈಬೆರಳು ನಳಿಕೆಯ ಪಕ್ಕ ಚರ್ಮದ ಮೇಲೆ, ಇನ್ನೊಂದು ಕೈ ಎದೆಯ ಮೇಲೆ ಇಟ್ಟುಕೊಂಡು "ಹಾಕಿ ಅಣ್ಣ" ಎಂದೆ. ಸೈರನ್ ಕೂಗಿತು.

ಕಾರು ತಕ್ಷಣ ಬರಲಿಲ್ಲ. ಮೊದಲು ಇನ್ನಷ್ಟು ಹಿಂದೆ ಬಿತ್ತು. ಆಮೇಲೆ ಒಮ್ಮೆಗೇ ನುಗ್ಗಿ, ಹಾರ್ನ್ ಹೊಡೆಯುತ್ತ ನಮ್ಮ ಪಕ್ಕಕ್ಕೆ ಬಂತು. ಚಾಲಕ ಕೈ ಹೊರಗೆ ಚಾಚಿ ಪಕ್ಕಕ್ಕೆ ಬರಲು ಸನ್ನೆ ಮಾಡಿ, ಪೆಟ್ರೋಲ್ ಬಂಕ್ ಒಂದಕ್ಕೆ ತಿರುಗಿಸಿ ಸೈರನ್ ನಿಲ್ಲಿಸಿದರು. ಕುತ್ತಿಗೆಗೆ ಕಿವಿ ಹಚ್ಚಿದೆ. ಸೋರಿಕೆ ಇರಲಿಲ್ಲ.

ಹಿಂದಿನ ಬಾಗಿಲು ತೆರೆದಾಗ ಅಣ್ಣ ಚಪ್ಪಲಿ ಬಿಟ್ಟು ನಿಂತಿದ್ದರು. ಒಳಗೆ ನೋಡಿದರು. ರೋಗಿ ಅವರನ್ನೇ ನೋಡುತ್ತಿದ್ದರು.

"ಲೇ ತಮ್ಮಾ" ಎಂದರು. ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಒಂದು ಮಾತು ಕೇಳಾಕ ಬಾಯಿ ಇರ್ಲಿಲ್ಲೇನ್ರಿ ಭಾವಾ?" ಎಂದರು ಹೆಂಡತಿ.

"ನಿನಗ ಹೆಂಗ ಕೇಳ್ಲೆವ್ವ? ಆತ ಅದಾನೋ ಇಲ್ಲೋ ಅಂತ ನಿನಗ ಹೆಂಗ ಕೇಳ್ಲಿ?"

ಚಾಲಕ ಅವರಿಗೆ ನೀರಿನ ಬಾಟಲಿ ಕೊಟ್ಟರು. "ನನ್ನ ಕೇಳ್ಬಹುದಿತ್ತಲ್ಲ ಸಾರ್, ನಾನೇನು ಮುಚ್ಚಿಡ್ತಿದ್ನಾ?"

"ನೀವು ಮುಚ್ಚಿಡ್ತೀರಿ ಅಂತನ ಕೇಳಲಿಲ್ರಿ."

ಅಣ್ಣ ಅಲ್ಲಿಂದಲೇ ವಿಡಿಯೊ ಕರೆ ಮಾಡಿ ಫೋನನ್ನು ತಮ್ಮನ ಮುಖದ ಮುಂದೆ ಹಿಡಿದರು. ಆ ಕಡೆ ಬಹಳ ಜನ ಸೇರಿದ್ದರು. ಯಾರೋ "ಕಣ್ಣಾಡಿಸಪಾ" ಎಂದರು. ರೋಗಿ ಕಣ್ಣು ಒಮ್ಮೆ ಮುಚ್ಚಿ ತೆರೆದರು. ದೊಡ್ಡಮ್ಮ ಮತ್ತೆ ಅಳಲು ಶುರು ಮಾಡಿದರು. ಹೊಲಕ್ಕೆ ಹೋಗಿ ಗುದ್ದಲಿ ನಿಲ್ಲಿಸಲು ಹೇಳಿ ಎಂದು ಅಣ್ಣ ಎರಡು ಸಲ ಕೂಗಿದರು.

ಎದೆಬಡಿತ ನೂರಕ್ಕೆ ಇಳಿಯುವವರೆಗೆ ಬಂಕ್‌ನಲ್ಲೇ ಇದ್ದೆವು. ಉಳಿದ ದಾರಿಯನ್ನು ಸೈರನ್ ಇಲ್ಲದೆ ಕ್ರಮಿಸಿದೆವು. ಕಾರು ನಮ್ಮ ಮುಂದೆ ದೀಪ ಮಿನುಗಿಸುತ್ತ ಹೋಯಿತು. ಇಕ್ಕಳ ಹುಬ್ಬಳ್ಳಿಯವರೆಗೂ ಹಿಡಿಯಿತು. ಅಲ್ಲಿನ ವೈದ್ಯರು ಸಂಜೆಯೇ ನಳಿಕೆ ಬದಲಾಯಿಸಿದರು.

ಈಗ ನಮ್ಮ ಘಟಕದಿಂದ ರೋಗಿಯನ್ನು ದೂರ ಕಳಿಸುವಾಗ ನಳಿಕೆಯ ಕವಾಟವನ್ನು ಬೆಲ್ಟಿನಿಂದ ದೂರ, ಭುಜಕ್ಕೆ ಅಂಟಿಸುತ್ತೇವೆ. ಹೆದ್ದಾರಿಯಲ್ಲಿ ಸೈರನ್ ನಿಲ್ಲಿಸಬಹುದು, ನಿಲ್ಲಿಸಿದರೆ ಕಾರಣ ಇದು ಎಂದು ಹಿಂದೆ ಬರುವ ಗಾಡಿಯವರಿಗೆ ಹೊರಡುವ ಮೊದಲೇ ಹೇಳುತ್ತೇವೆ. ಗೊಟ್ಟಿಗೆರೆಯ ಚಾಲಕ ದೀಪಕ್ಕೆ ಬೇರೆ ಸ್ವಿಚ್ಚು ಹಾಕಿಸಿಕೊಂಡಿದ್ದಾರೆ.

ಮಳೆಗಾಲದ ಹೊತ್ತಿಗೆ ರೋಗಿಯ ನಳಿಕೆ ತೆಗೆದರು. ಹೆಂಡತಿ ಬಿಟಿಎಂನ ಮನೆಗೆ ವಾಪಸು ಬಂದು ರೊಟ್ಟಿ ಕೊಡಲು ಶುರು ಮಾಡಿದ್ದಾರೆ, ಗಂಡ ಇನ್ನೂ ಊರಿನಲ್ಲಿದ್ದಾರೆ. ಆ ಭಾನುವಾರ ಅವರ ಹೊಲದಲ್ಲಿ, ಅವರನ್ನು ಹೂಳಲೆಂದು, ಸೊಂಟದಾಳದವರೆಗೆ ಕುಣಿ ತೋಡಿಯಾಗಿತ್ತು. ತೋಡಿದ ಕುಣಿಯನ್ನು ಖಾಲಿ ಮುಚ್ಚಬಾರದೆಂದು ಊರಿನ ಹಿರಿಯರು ಅದರಲ್ಲಿ ಬೇವಿನ ಸಸಿ ನೆಟ್ಟಿದ್ದಾರೆ. ಕಳೆದ ವಾರ ಹೆಂಡತಿ ಕಳಿಸಿದ ಫೋಟೊದಲ್ಲಿ ಗಂಡ ವಾಕರ್ ಹಿಡಿದು ಅದರ ಪಕ್ಕ ನಿಂತಿದ್ದಾರೆ. ಸಸಿ ಮೊಣಕಾಲಿಗೆ ಬರುತ್ತದೆ.